ಜರಿಗಿಡದ ಎಲೆಯಡಿ ಕಂದು ಚುಕ್ಕೆ: ರೋಗ ಅಲ್ಲ ಮಾರಾಯ್ರೇ!

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟ. ಧರೆಯ (ಮಣ್ಣಿನ ದಿಬ್ಬದ) ಮೇಲಿನ ಜರಿಗಿಡಗಳ ಎಲೆಯಡಿ ಕಂದು ಚುಕ್ಕೆ ತುಂಬಿದೆ. ಕಾಫಿಗೂ ಹರಡುತ್ತದಾ? ಶಿಲೀಂಧ್ರಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಯಲಾ?

ಬೇಡ. ಮಳೆಗಾಲ ಬಂತೆಂದರೆ ಈ ಫೋಟೊ ನನಗೆ ಬಂದೇ ಬರುತ್ತದೆ. ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ.

ನಿಮ್ಮ ಭಯ ಎಲ್ಲಿಯದು ಅಂತ ಗೊತ್ತು. ಕಾಫಿ ಎಲೆಯಡಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ ಅಂತ ಪಳಗಿದ ಕಣ್ಣು ನಿಮ್ಮದು. ಆದರೆ ಆ ತುಕ್ಕು ಒಂದು ಶಿಲೀಂಧ್ರ. ಹೊರಗಿನಿಂದ ಬಂದು ಎಲ್ಲೆಂದರಲ್ಲಿ ಕೂರುತ್ತದೆ, ಎಲೆಯ ಮೇಲ್ಗಡೆಗೂ ಹಳದಿ ಕಲೆ ಕಾಣುತ್ತದೆ. ಅದಕ್ಕೆ ಬದುಕಲು ಕಾಫಿ ಗಿಡವೇ ಬೇಕು, ಜರಿಗಿಡದಲ್ಲಿ ಅದಕ್ಕೇನೂ ಕೆಲಸವಿಲ್ಲ. ಈಗ ನಿಮ್ಮದೇ ಫೋಟೊ ದೊಡ್ಡದು ಮಾಡಿ ನೋಡಿ. ನಡುನರದ ಎರಡೂ ಪಕ್ಕ ಚುಕ್ಕೆಗಳು ಸಾಲಾಗಿ, ಅಂಗಿಗೆ ಗುಂಡಿ ಹೊಲಿದ ಹಾಗೆ ಕೂತಿವೆ. ಯಾವ ರೋಗ ಇಷ್ಟು ಶಿಸ್ತಾಗಿ ಬರುತ್ತದೆ ಹೇಳಿ? ಕೆಲವು ಜಾತಿಯಲ್ಲಿ ಎಲೆಯಂಚಿಗೆ ಗೆರೆ ಎಳೆದಂತೆ ಇರುತ್ತದೆ, ಅದೂ ರೋಗವಲ್ಲ. ಹುಳದ ಮೊಟ್ಟೆಯೂ ಅಲ್ಲ.

ಅವು ಬೀಜಕಗಳ, ಅಂದರೆ ಜರಿಗಿಡ ವಂಶ ಬೆಳೆಸಲು ಉದುರಿಸುವ ಕಣಗಳ ಗಂಟು. ಬಲಿತ ಎಲೆಯೊಂದನ್ನು ಬಿಳಿ ಹಾಳೆಯ ಮೇಲಿಟ್ಟು, ಮೇಲೊಂದು ಪುಸ್ತಕ ಹೇರಿ ಮಲಗಿ. ಬೆಳಿಗ್ಗೆ ಹಾಳೆ ಮೇಲೆ ನುಣ್ಣನೆಯ ಕಂದು ಪುಡಿ. ಒಂದೊಂದು ಕಣವೂ ಒಂದೇ ಒಂದು ಜೀವಕೋಶ. ಇದನ್ನು ಬೀಜ ಅನ್ನಬೇಡಿ. ಬೀಜದೊಳಗೆ ಮರಿಗಿಡ ಇರುತ್ತದೆ, ಜೊತೆಗೆ ಬುತ್ತಿಯೂ.

ಬೀಜಕದಿಂದ ನೇರ ಜರಿಗಿಡ ಬರುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕ, ಹೃದಯದಾಕಾರದ ಹಸಿರು ಚೂರೊಂದು ಒದ್ದೆ ಧರೆಗೆ ಅಂಟಿಕೊಂಡು ಬೆಳೆಯುತ್ತದೆ. ನೀವು ಪಾಚಿ ಅಂತ ಕೆರೆದು ಎಸೆಯುವುದರಲ್ಲಿ ಅದೂ ಇರುತ್ತದೆ! ಅಂಡ, ವೀರ್ಯಾಣು ಎರಡೂ ಹುಟ್ಟುವುದು ಅದರಲ್ಲೇ. ವೀರ್ಯಾಣು ತೆಳು ನೀರಲ್ಲಿ ಈಜಿ ಅಂಡವನ್ನು ಸೇರಿದ ಮೇಲೆಯೇ ಜರಿಗಿಡ. ಕೆರೆಯ ಎಷ್ಟೋ ಪಾಚಿಗಳು ಕೂಡುವುದೂ ಹೀಗೆ ಈಜಿಯೇ. ಜರಿಗಿಡ ನೆಲಕ್ಕೆ ಬಂದರೂ ಆ ಚಾಳಿ ಬಿಟ್ಟಿಲ್ಲ.

ಕಾಫಿಗೆ ಈ ತಾಪತ್ರಯವಿಲ್ಲ. ಪರಾಗದಿಂದ ನಳಿಕೆಯೊಂದು ಬೆಳೆದು ಗಂಡುಕೋಶವನ್ನು ಅಂಡದ ತನಕ ಮುಟ್ಟಿಸುತ್ತದೆ. ಹಾಗಾದರೆ ಹೂ ಮಳೆಗೆ ನಾವು ಆಕಾಶ ನೋಡುತ್ತಾ ಕೂರುವುದು ಯಾಕೆ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಸಿಲಿಗೆ ನಿದ್ದೆ ಹೋದ ಮೊಗ್ಗು ಏಳಬೇಕಲ್ವಾ, ಅದಕ್ಕೆ. ಮಳೆ ಬಿದ್ದ 8-10 ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಅವತ್ತೇ ಮತ್ತೆ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಯಿ ಸರಿಯಾಗಿ ಕಚ್ಚುವುದಿಲ್ಲ.