ಓದುಗರ ಪ್ರಶ್ನೆ: ಚಮೋರು ಜನ ಈಗ ಇಲ್ವಂತೆ, ನಿಜಾನಾ?

ಪ್ರಶ್ನೆ: ಗುವಾಮ್ ದ್ವೀಪದ ಮೂಲನಿವಾಸಿಗಳಾದ ಚಮೋರುಗಳನ್ನು ಸ್ಪೇನಿನವರು ಪೂರ್ತಿ ನಿರ್ನಾಮ ಮಾಡಿದರಂತೆ. ಈಗ ಆ ಹೆಸರು ಹೇಳಿಕೊಳ್ಳುವವರು ಬೇರೆಯೇ ಜನರಂತೆ, ಹೌದಾ?

ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇನ್ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ಮೂಲದ ವಿಷಯ ಬೇಗ ಮುಗಿಸುತ್ತೇನೆ. ಫಿಲಿಪೀನ್ಸ್‌ನ ಪೂರ್ವಕ್ಕೆ ಸಮುದ್ರದ ನಡುವೆ ಮರಿಯಾನಾ ದ್ವೀಪಗಳಿವೆ. ಗುವಾಮ್, ರೋಟಾ, ಟಿನಿಯನ್, ಸೈಪಾನ್ ಅದರಲ್ಲಿ ಮುಖ್ಯವಾದವು. ಸುಮಾರು 3,500 ವರ್ಷಗಳ ಹಿಂದೆಯೇ ಜನ ದೋಣಿಯಲ್ಲಿ ಬಂದು ಇಲ್ಲಿ ನೆಲೆಸಿದರು. ಅವರ ಪುರಾಣ ಬೇರೆಯೇ ಹೇಳುತ್ತದೆ. ಪುಂತಾನ್ ಮತ್ತು ಫೂಉನಾ ಅಣ್ಣ ತಂಗಿ. ಪುಂತಾನ್ ಸಾಯುವ ಮುಂಚೆ ತನ್ನ ಮೈಯಿಂದಲೇ ಲೋಕ ಕಟ್ಟು ಅಂದ. ತಂಗಿ ಅವನ ಕಣ್ಣುಗಳನ್ನು ಸೂರ್ಯ ಚಂದ್ರ ಮಾಡಿದಳು, ಹುಬ್ಬುಗಳನ್ನು ಕಾಮನಬಿಲ್ಲು ಮಾಡಿದಳು, ಬೆನ್ನನ್ನು ಭೂಮಿ ಮಾಡಿದಳು. ಆಮೇಲೆ ತಾನೇ ಬಂಡೆಯಾದಳು. ಆ ಬಂಡೆಯಿಂದ ಮನುಷ್ಯರು ಹುಟ್ಟಿದರು. ದಕ್ಷಿಣ ಗುವಾಮ್‌ನ ಹುಮಾತಕ್ ಊರಿನ ಹತ್ತಿರ, ಫೌಹಾ ಕೊಲ್ಲಿಯಲ್ಲಿ ಆ ಬಂಡೆ ಇವತ್ತಿಗೂ ಇದೆ.

ಈಗ ಆ ‘ನಿರ್ನಾಮ’ದ ಕತೆಗೆ ಬರೋಣ. 1668ರಲ್ಲಿ ಸ್ಯಾನ್ ವಿತೋರೆಸ್ ಎಂಬ ಪಾದ್ರಿ ಬಂದಿಳಿದ. ನಾಲ್ಕು ವರ್ಷಕ್ಕೆ, ಅಪ್ಪನ ಒಪ್ಪಿಗೆ ಇಲ್ಲದೆ ಒಂದು ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ. ಆ ಅಪ್ಪ ಮಾತಾಪಾಂಗ್ ಪಾದ್ರಿಯನ್ನು ಕೊಂದ. ಸ್ಪೇನಿನವರಿಗೂ ಚಮೋರುಗಳಿಗೂ ಮೊದಲೇ ಶುರುವಾಗಿದ್ದ ಜಗಳ 1690ರ ದಶಕದವರೆಗೂ ನಡೆಯಿತು. ಹಡಗುಗಳ ಜೊತೆ ಹೊಸ ರೋಗಗಳೂ ಬಂದವು. ಉತ್ತರದ ದ್ವೀಪಗಳ ಜನರನ್ನು ಎಬ್ಬಿಸಿ ಗುವಾಮ್‌ಗೆ ತಂದು ಕೂಡಿಹಾಕಿದರು. ಹತ್ತಾರು ಸಾವಿರ ಇದ್ದ ಜನ ಕೆಲವೇ ಸಾವಿರಕ್ಕೆ ಇಳಿದರು. ಇಷ್ಟೂ ನಿಜ, ಘೋರವೂ ಹೌದು. ಆದರೆ ಕೆಲವು ಸಾವಿರ ಅಂದರೆ ಸೊನ್ನೆ ಅಲ್ಲ. ಇಷ್ಟು ಲೆಕ್ಕ ಯಾಕೆ ತಲೆಗೆ ಹೋಗಲ್ಲ?

ಆಗ ಮುಂದಿನ ವಾದ ಬರುತ್ತದೆ: ‘ಉಳಿದವರು ಶುದ್ಧ ಅಲ್ಲ, ಹೆಸರೆಲ್ಲ ಸ್ಪೇನಿನದು.’ ಅಲ್ರೀ, ಚಮೋರು ಸಮಾಜದಲ್ಲಿ ಕುಲ ನಡೆಯುತ್ತಿದ್ದದ್ದು ತಾಯಿಯ ಕಡೆಯಿಂದ. ಮೆಕ್ಸಿಕೋದಿಂದಲೋ ಫಿಲಿಪೀನ್ಸ್‌ನಿಂದಲೋ ಬಂದ ಸಿಪಾಯಿ ಚಮೋರು ಹೆಣ್ಣನ್ನು ಮದುವೆಯಾದ. ಮಕ್ಕಳಿಗೆ ಅವನ ಹೆಸರು ಸಿಕ್ಕಿತು. ಅವರನ್ನು ಬೆಳೆಸಿದ್ದು ತಾಯಿ, ಅಜ್ಜಿ, ತಾಯಿಯ ನೆಂಟರು. ಮಾತು, ನಡವಳಿಕೆ ಎಲ್ಲ ಆ ಕಡೆಯದೇ. ಚಮೋರು ಭಾಷೆಯಲ್ಲಿ ಎಣಿಕೆಯ ಪದಗಳು ಸ್ಪ್ಯಾನಿಷ್‌ನಿಂದ ಬಂದಿವೆ, ಒಪ್ಪಿದೆ. ಆದರೆ ವ್ಯಾಕರಣದ ಮೂಳೆ ಹಳೆಯದೇ. ಅದು ಫಿಲಿಪೀನ್ಸ್, ಇಂಡೋನೇಷ್ಯಾ ಭಾಷೆಗಳ ಬಳಗಕ್ಕೆ ಸೇರಿದ್ದು.

ಒಂದು ರೂಢಿ ನೋಡಿ. ಕಿರಿಯರು ಹಿರಿಯರನ್ನು ಕಂಡರೆ ಬಾಗಿ, ಅವರ ಬಲಗೈ ಹಿಡಿದು ಮೂಗಿಗೆ ತಾಗಿಸಿಕೊಳ್ಳುತ್ತಾರೆ. ಗಂಡಸರಿಗೆ ‘ನ್ಯೋಟ್’, ಹೆಂಗಸರಿಗೆ ‘ನ್ಯೋರಾ’ ಅನ್ನುತ್ತಾರೆ. ಆ ಎರಡು ಮಾತು ಸ್ಪೇನಿನವು. ಬಾಗುವ ತಲೆ ಯಾರದ್ದು? ಕಾಡಿಗೆ ಕಾಲಿಡುವ ಮುಂಚೆ ಅಲ್ಲಿರುವ ಪೂರ್ವಜರ ಆತ್ಮಗಳಿಗೆ, ಅಂದರೆ ತಾವ್ತಾವ್‌ಮೋನಾಗಳಿಗೆ, ಅಪ್ಪಣೆ ಕೇಳುವ ಪದ್ಧತಿಯೂ ಇದೆ. ಇಗರ್ಜಿಗೆ ತಪ್ಪದೆ ಹೋಗುವವರೂ ಕೇಳುತ್ತಾರೆ. ಇಂದು ಅಮೆರಿಕದ ಆಡಳಿತದಲ್ಲಿರುವ ಗುವಾಮ್‌ನ ಜನಸಂಖ್ಯೆಯಲ್ಲಿ ಚಮೋರುಗಳು ಸುಮಾರು ಮೂರರಲ್ಲೊಂದು ಪಾಲು. ಅಮೆರಿಕದ ಮುಖ್ಯನೆಲದಲ್ಲಿ ಇರುವ ಚಮೋರುಗಳು ಗುವಾಮ್‌ನಲ್ಲಿ ಇರುವವರಿಗಿಂತ ಜಾಸ್ತಿ.

ಈ ದ್ವೀಪಗಳಲ್ಲಿರುವ ಹಳೆಯ ಲಟ್ಟೆ ಕಲ್ಲುಗಳನ್ನು ರಾಕ್ಷಸರು ನಿಲ್ಲಿಸಿದ್ದಾ ಅಂತಲೂ ಕೆಲವರು ಕೇಳಿದ್ದಾರೆ. ಅಲ್ಲ, ಇದೇ ಜನ, ಸಾವಿರ ವರ್ಷದ ಹಿಂದಿನಿಂದ. ಕಲ್ಲಿನ ಕಂಬ, ಮೇಲೆ ಬಟ್ಟಲಿನ ಹಾಗಿರುವ ಕಲ್ಲು, ಅದರ ಮೇಲೆ ಮರದ ಮನೆ. ಮುಗಿಯಿತು.

ಯಾರೂ ಕೇಳದ, ಆದರೆ ಅನ್ನ ಉಣ್ಣುವ ನಾವು ಕೇಳಬೇಕಾದದ್ದು ಒಂದಿದೆ. ಸ್ಪೇನಿನವರು ಬರುವ ಮೊದಲೇ ಈ ಜನ ಭತ್ತ ಬೆಳೆಯುತ್ತಿದ್ದರು! ಪೆಸಿಫಿಕ್‌ನ ದೂರದ ದ್ವೀಪಗಳಲ್ಲಿ ಗೆಡ್ಡೆ, ಹಲಸಿನ ಜಾತಿಯ ಕಾಯಿ, ತೆಂಗೇ ಊಟ. ಅಲ್ಲಿ ಭತ್ತ ಅಪರೂಪ. ಇವತ್ತು ಗುವಾಮ್‌ನ ಹಬ್ಬದೂಟದಲ್ಲಿ ಕೆಂಪನ್ನ ಇರಲೇಬೇಕು. ಅಚೋಟೆ ಎಂಬ ಪುಟ್ಟ ಬೀಜಗಳನ್ನು ನೀರಲ್ಲಿ ನೆನೆಸಿ, ಕೈಯಲ್ಲಿ ಉಜ್ಜಿ ಬಣ್ಣ ಬಿಡಿಸಿ, ಆ ನೀರಲ್ಲೇ ಅಕ್ಕಿ ಬೇಯಿಸುತ್ತಾರೆ. ಅಚೋಟೆ ಅಮೆರಿಕ ಖಂಡದ ಗಿಡ, ಸ್ಪೇನಿನ ಕಾಲದಲ್ಲಿ ಬಂದದ್ದು.

‘ಹಾಗಾದ್ರೆ ಅದು ಮೆಕ್ಸಿಕೋ ಅನ್ನ ಅಲ್ವಾ?’ ಅಂತ ಈಗ ಯಾರೋ ಬರೆಯುತ್ತಾರೆ, ಗೊತ್ತು.