ಹತ್ತು ಸಾವಿರ ಮೀಟರ್‌ಗಳ ಲೆಕ್ಕ: ಬಾರ್ಟ್ ಕಮಿಂಗ್ಸ್ ವೃತ್ತಿಯಿಂದ ಕಲಿಯಬೇಕಾದದ್ದು

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕಿರಿಯ ಗೆಳೆಯರಿಗಾಗಿ ಈ ಟಿಪ್ಪಣಿ. ವ್ಯಾಯಾಮಕ್ಕೆ ಕುದುರೆಯ ದೇಹ ಹೇಗೆ ಒಗ್ಗುತ್ತದೆ ಎಂಬ ಪಾಠ ನನ್ನ ಮನಸ್ಸಿಗೆ ಇಳಿದದ್ದು ಆಸ್ಟ್ರೇಲಿಯಾದ ಪಂದ್ಯದ ಕುದುರೆಗಳ ತರಬೇತುದಾರ ಬಾರ್ಟ್ ಕಮಿಂಗ್ಸ್ ಅವರ ವೃತ್ತಿಯನ್ನು ಓದಿದಾಗ.

1927ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ ಅವರಿಗೆ ಕುದುರೆ, ಒಣಹುಲ್ಲು ಎರಡೂ ಅಲರ್ಜಿ. ಆದರೂ ಲಾಯ ಬಿಡಲಿಲ್ಲ. ತಂದೆ ಜಿಮ್ ಪಳಗಿಸಿದ ಕಾಮಿಕ್ ಕೋರ್ಟ್, ಆಸ್ಟ್ರೇಲಿಯಾದ ಹೆಸರಾಂತ ಕುದುರೆ ಪಂದ್ಯವಾದ ಮೆಲ್ಬರ್ನ್ ಕಪ್ಪನ್ನು 1950ರಲ್ಲಿ ಗೆದ್ದಾಗ ಆ ಕುದುರೆಯ ಆರೈಕೆ ಮಗನ ಕೈಯಲ್ಲಿತ್ತು. 1953ರಲ್ಲಿ ತರಬೇತುದಾರನಾಗಿ ಸ್ವಂತ ಪರವಾನಗಿ. 1965ರಲ್ಲಿ ಲೈಟ್ ಫಿಂಗರ್ಸ್ ಎಂಬ ಹೆಣ್ಣು ಕುದುರೆ ಮೊದಲ ಕಪ್ ತಂದಿತು. ಕೂದಲೆಳೆಯ ಅಂತರದಲ್ಲಿ ಎರಡನೆಯದಾದ ಜೀಮಾ ಕೂಡ ಅವರದೇ ಲಾಯದ್ದು. 2008ರ ಹೊತ್ತಿಗೆ ಕಪ್‌ಗಳು ಹನ್ನೆರಡಾದವು. ಅವರ ನಂತರದ ಸ್ಥಾನದಲ್ಲಿರುವವರ ಗೆಲುವು ಕೇವಲ ಐದು.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಹ್ಯಾಂಡಿಕ್ಯಾಪ್ ಅರ್ಥವಾಗಬೇಕು. ನಮ್ಮ ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲೂ ಹೆಚ್ಚಿನ ಪಂದ್ಯಗಳಿಗೆ ಇದೇ ಪದ್ಧತಿ: ಉತ್ತಮ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಮೆಲ್ಬರ್ನ್ ಕಪ್ ಅಂಥದ್ದೇ ಪಂದ್ಯ, ಅದೂ 3200 ಮೀಟರ್. ಶ್ರೇಷ್ಠ ಕುದುರೆ ಲಾಯದಲ್ಲಿದ್ದರಷ್ಟೇ ಸಾಲದು. ನವೆಂಬರ್‌ನ ಮೊದಲ ಮಂಗಳವಾರ ಅದರ ದೇಹ ಹದದ ತುದಿಯಲ್ಲಿರಬೇಕು.

ಆ ಹದಕ್ಕೆ ಕಮಿಂಗ್ಸ್ ಹಿಡಿದ ಲೆಕ್ಕ ಸರಳ: ಕಪ್‌ಗೆ ಮೊದಲು, ಅದೇ ಋತುವಿನಲ್ಲಿ, ಕುದುರೆ ಸುಮಾರು 10,000 ಮೀಟರ್ ಪಂದ್ಯ ಓಡಿರಬೇಕು. 1400, 1600, 2000, 2400, 2500 ಎಂದು ಕೂಡಿಸಿ ನೋಡಿ: 9900. ದೂರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ (ಉದಾಹರಣೆ ನನ್ನದು). 1991ರಲ್ಲಿ ಅವರ ಲೆಟ್ಸ್ ಇಲೋಪ್ 2400 ಮೀಟರ್‌ನ ಕಾಲ್ಫೀಲ್ಡ್ ಕಪ್ ಗೆದ್ದು, ಕಪ್‌ನ ಹಿಂದಿನ ಶನಿವಾರ 2000 ಮೀಟರ್‌ನ ಮ್ಯಾಕಿನನ್ ಪಂದ್ಯ ಗೆದ್ದು, ಮಂಗಳವಾರ ಮೆಲ್ಬರ್ನ್ ಕಪ್ಪನ್ನೂ ಗೆದ್ದಿತು.

ಇಷ್ಟು ನಿಧಾನವೇಕೆ? ನಾಗಾಲೋಟದಲ್ಲಿ ಕುದುರೆಯ ಹೃದಯ ನಿಮಿಷಕ್ಕೆ 220 ಬಡಿತ ದಾಟುತ್ತದೆ, ಗುಲ್ಮ (ಸ್ಪ್ಲೀನ್) ಕುಗ್ಗಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ, ಒಂದೊಂದು ನೆಗೆತಕ್ಕೂ ಒಂದೊಂದು ಉಸಿರು. ಈ ಯಂತ್ರ ಕೆಲವೇ ವಾರಗಳಲ್ಲಿ ಚುರುಕಾಗುತ್ತದೆ. ಮೂಳೆಗೂ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜಿಗೂ ತಿಂಗಳುಗಳು ಬೇಕು. ಮುಂಗಾಲಿನ ಮಂಡಿಯ ಕೆಳಗೆ ಮಾಂಸವೇ ಇಲ್ಲ. ಮೂಳೆ, ರಜ್ಜು, ಚರ್ಮ ಅಷ್ಟೇ. ಓಟದ ವೇಗದಲ್ಲಿ ಒಂದು ಕಾಲಿನ ಮೇಲೆ ದೇಹತೂಕದ ಎರಡೂವರೆ ಪಟ್ಟು ಹೊರೆ ಬೀಳುತ್ತದೆ. ಉಸಿರು ಸಿದ್ಧವಾಯಿತೆಂದು ಅವಸರಪಡಿಸಿದರೆ ಮುರಿಯುವುದು ಕಾಲು. ಪರೀಕ್ಷೆಯಲ್ಲಿ ಏನೇ ಕೇಳಲಿ, ಈ ಅಂತರವನ್ನು ಮಾತ್ರ ಮರೆಯಬೇಡಿ.

ವ್ಯವಹಾರದಲ್ಲಿ ಅವರಿಗೆ ಈ ತಾಳ್ಮೆ ಒದಗಲಿಲ್ಲ ಎನಿಸುತ್ತದೆ. 1980ರ ದಶಕದ ಕೊನೆಗೆ, ಎಳೆಯ ಕುದುರೆಗಳನ್ನು ಕೊಂಡು ಪಾಲು ಮಾರುವ ಯೋಜನೆ ಕುಸಿದು ಭಾರಿ ಸಾಲ ಹೆಗಲೇರಿತು. ಮರುವರ್ಷಗಳಲ್ಲೇ, 1990ರಲ್ಲಿ, ಕಿಂಗ್‌ಸ್ಟನ್ ರೂಲ್ 3 ನಿಮಿಷ 16.3 ಸೆಕೆಂಡಿನ ದಾಖಲೆಯೊಂದಿಗೆ ಕಪ್ ಗೆದ್ದಿತು. ನನಗೆ ಅತ್ಯಂತ ಪ್ರಿಯವಾದ ಗೆಲುವು ಇದು. ಕೊನೆಯ ಕಪ್, 2008ರ ವ್ಯೂಡ್, ಬಂದಾಗ ಅವರಿಗೆ 80 ವರ್ಷ. 2015ರಲ್ಲಿ ತೀರಿಕೊಂಡರು.

ನಸುಕಿನ ತಾಲೀಮು ನೋಡುವ ಅವಕಾಶ ಸಿಕ್ಕಾಗ ಗಡಿಯಾರ ಹಿಡಿದವರನ್ನು ಬಿಡಿ. ಲಾಯಕ್ಕೆ ಮರಳಿದ ಕುದುರೆಯ ಬಳಿ ಕುಳಿತವರನ್ನು ನೋಡಿ. ಅನುಭವಿ ಕೈ ಎರಡೂ ಮುಂಗಾಲುಗಳ ಹಿಂಬದಿಯ ರಜ್ಜನ್ನು ಮೇಲಿನಿಂದ ಕೆಳಕ್ಕೆ ಸವರುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ ಅದು ಒಳಗಿನ ಪೆಟ್ಟಿನ ಸುಳಿವು, ಮರುದಿನದ ಓಟ ಇಲ್ಲ.