ಟ್ಯಾಂಕಿನ ವಾಸನೆ ನಿಂತರೆ ಅಪಾಯ ಹೋಯ್ತು ಅಂತಲ್ಲ

ಮುಂಬೈ ಪಕ್ಕದ ವಸಾಯಿ, ವಿರಾರ್, ನಾಲಾಸೋಪಾರಾ ಕಡೆ ಫ್ಲ್ಯಾಟ್ ತಗೊಳ್ಳೋವಾಗ ನಮ್ಮೋರು ನೀರು ಎಷ್ಟೊತ್ತಿಗೆ ಬರುತ್ತೆ, ಸ್ಟೇಷನ್ ಎಷ್ಟು ದೂರ, ಎಲ್ಲಾ ಕೇಳ್ತೀವಿ, ಕಕ್ಕಸಿಗೆ ಸುರಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳಲ್ಲ. ಆ ಕಡೆ ಎಷ್ಟೋ ಬಿಲ್ಡಿಂಗಲ್ಲಿ ಅದು ಕಾಂಪೌಂಡ್ ಒಳಗೇ ಇರೋ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತೆ. ಟ್ಯಾಂಕ್ ತುಂಬಿ ಉಕ್ಕಿದ ದಿನ ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಗಲಾಟೆ, ಸೆಕ್ರೆಟರಿ ಯಾರಿಗೋ ಫೋನ್ ಮಾಡ್ತಾರೆ, ಯಾರೋ ಬಂದು ಮುಚ್ಚಳ ತೆಗೀತಾರೆ. ಆಮೇಲೆ ಏನಾಗುತ್ತೆ ಅನ್ನೋದನ್ನ ಮೇಲಿನ ಮಹಡಿಯಲ್ಲಿರೋ ನಾವು ತಿಳ್ಕೊಳ್ಳಲೇಬೇಕು.

ಟ್ಯಾಂಕಿನೊಳಗೆ ಗಟ್ಟಿ ಪದಾರ್ಥ ತಳಕ್ಕೆ ಇಳಿದು ಕೆಸರಾಗುತ್ತೆ, ಎಣ್ಣೆ ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತೆ. ಗಾಳಿ ಇಲ್ಲದ ಆ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಕೆಸರನ್ನ ಕೊಳೆಸಿ ಮೀಥೇನ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಮೀಥೇನ್ ಉರಿಯೋ ಗ್ಯಾಸು, ಮೈಸೂರು ಅಸೋಸಿಯೇಶನ್ನಿಗೆ ನಾಟಕ ನೋಡೋಕೆ ಹೋಗ್ತೀವಲ್ಲ, ಮುಂಬೈಯ ಆ ಮಾಟುಂಗಾದಲ್ಲೇ 19ನೇ ಶತಮಾನದಲ್ಲಿ ಕುಷ್ಠರೋಗಿಗಳ ಆಶ್ರಮದ ಮಲದಿಂದ ಗ್ಯಾಸ್ ಮಾಡಿದ್ರು, ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರ ಸುಮಾರಿಗೆ ಕಟ್ಟಿದ ಟ್ಯಾಂಕಿನ ಗ್ಯಾಸಿಂದ ದೀಪ ಹಚ್ಚಿದ್ರು. ಅಂದ್ರೆ ಇದು ಒಳ್ಳೇ ಇಂಧನವೂ ಹೌದು.

ಕೊಲ್ಲೋದು ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡು. ಕೊಳೆತ ಮೊಟ್ಟೆ ವಾಸನೆ ಇದರದ್ದೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಎಷ್ಟೋ ಕಮ್ಮಿ ಇದ್ರೂ ಮೂಗಿಗೆ ಬಡಿಯುತ್ತೆ. ಆದ್ರೆ ಅದು 100 ಭಾಗಕ್ಕೆ ಏರಿದ್ರೆ ಕೆಲವೇ ನಿಮಿಷದಲ್ಲಿ ಮೂಗು ಸೋಲುತ್ತೆ, ವಾಸನೆ ಗೊತ್ತೇ ಆಗಲ್ಲ, ಒಳಗಿಳಿದವರು "ಈಗ ಪರವಾಗಿಲ್ಲ" ಅಂತ ಅಂದ್ಕೊಳ್ತಾರೆ. 700ರಿಂದ 1000 ಭಾಗ ಇದ್ರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿ ಕುಸಿದುಬೀಳ್ತಾರೆ. ಸಯನೈಡ್ ಥರಾನೇ ಇದು ಜೀವಕೋಶ ಆಮ್ಲಜನಕ ಬಳಸೋದನ್ನೇ ತಡೆಯುತ್ತೆ. ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ಮುಚ್ಚಳ ತೆಗೆದು ಒಂದು ಗಂಟೆ ಬಿಟ್ರೂ ತಳದಲ್ಲಿ ಉಳಿಯಬಹುದು, ಕೆಸರನ್ನ ಕೋಲಲ್ಲಿ ಕಲಕಿದ ಕೂಡಲೇ ಅದರಲ್ಲಿ ಸಿಕ್ಕಿದ್ದ ಗ್ಯಾಸ್ ಒಟ್ಟಿಗೆ ಮೇಲೇಳುತ್ತೆ.

ಒಳಗೆ ಗ್ಯಾಸ್ ಇದೆಯಾ ಅಂತ ಬೆಂಕಿಕಡ್ಡಿ ಗೀರಿ ನೋಡೋ ಪದ್ಧತಿ ಇದೆ, ದಯವಿಟ್ಟು ಯಾರಿಗೂ ಅದನ್ನ ಮಾಡೋಕೆ ಬಿಡಬೇಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ರೆ ಸ್ಫೋಟ ಆಗುತ್ತೆ, ಕಡ್ಡಿ ಸುಮ್ಮನೆ ಉರಿದ್ರೂ ಹೈಡ್ರೋಜನ್ ಸಲ್ಫೈಡ್ ಇಲ್ಲ ಅಂತ ಅರ್ಥ ಅಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದ್ರೆ ಗ್ಯಾಸ್ ನಿಲ್ಲಲ್ಲ.

ಒಂದೇ ಟ್ಯಾಂಕಲ್ಲಿ ಇಬ್ಬರು ಮೂವರು ಸತ್ತ ಸುದ್ದಿ ಮತ್ತೆ ಮತ್ತೆ ಯಾಕೆ ಬರುತ್ತೆ ಅಂದ್ರೆ, ಮೊದಲನೆಯವರು ಬಿದ್ದಾಗ ಜೊತೆಗಾರರು ಎಳೆಯೋಕೆ ಅಂತ ಇಳೀತಾರೆ. ಎಷ್ಟೋ ಸಲ ಅವರು ಅಣ್ಣತಮ್ಮ, ಅಪ್ಪಮಗ. ಇದನ್ನ ಓದುವಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇದರಲ್ಲಿ ಒಂದು ಸಾವೂ ಆಗಬೇಕಾಗಿರ್ಲಿಲ್ಲ. 2013ರ ಕಾನೂನು ರಕ್ಷಣಾ ಸಾಮಗ್ರಿ ಇಲ್ಲದೆ ಜನರನ್ನ ಟ್ಯಾಂಕಿಗೆ ಇಳಿಸೋದನ್ನ ನಿಷೇಧಿಸಿದೆ, ಹೀಗೆ ಸತ್ತವರ ಮನೆಯವರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದ್ದ 10 ಲಕ್ಷದ ಪರಿಹಾರವನ್ನ 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಇಷ್ಟಾದ್ರೂ ನಾಲ್ಕು ಕಾಸು ಉಳಿಸೋಕೆ ಕಮಿಟಿಯೋರು ಕೂಲಿಯವರನ್ನೇ ಇಳಿಸ್ತಾರೆ.

ಪೈಪ್ ಇಳಿಸಿ ಪಂಪಲ್ಲಿ ಹೀರೋ ಟ್ಯಾಂಕರ್ ಬಂದ್ರೆ ಯಾರೂ ಒಳಗೆ ಕಾಲಿಡಬೇಕಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಖಾಲಿ ಮಾಡಿಸ್ತಾ ಇದ್ರೆ ಕೆಸರು ಗಟ್ಟಿಯಾಗಲ್ಲ, "ಪಂಪಿಗೆ ಬರಲ್ಲ, ಮನುಷ್ಯನೇ ಇಳೀಬೇಕು" ಅನ್ನೋ ಮಾತು ಬರೋದು ಹತ್ತು ವರ್ಷ ಹಾಗೇ ಬಿಟ್ಟ ಟ್ಯಾಂಕಲ್ಲಿ. ಮುಂದಿನ ಸೊಸೈಟಿ ಮೀಟಿಂಗಲ್ಲಿ ಇದಕ್ಕೆ ಅಂತಲೇ ದುಡ್ಡು ತೆಗೆದಿಡೋಕೆ ಹೇಳಿ. ಚರಂಡಿ, ಟ್ಯಾಂಕ್ ಸಫಾಯಿಗೆ ಸರ್ಕಾರದ ಸಹಾಯವಾಣಿ 14420 ಇದೆ. ಯಾರಾದ್ರೂ ಒಳಗೆ ಬಿದ್ದೇ ಬಿಟ್ರೆ ಬೇರೆ ಯಾರನ್ನೂ ಇಳಿಯೋಕೆ ಬಿಡದೆ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ, ಸೆಪ್ಟಿಕ್ ಟ್ಯಾಂಕ್, ಒಳಗೆ ಗ್ಯಾಸ್ ಇದೆ ಅಂತ ಮೊದಲೇ ಹೇಳಿ, ಉಸಿರಾಟದ ಸಿಲಿಂಡರ್ ತಗೊಂಡೇ ಬರ್ತಾರೆ.